ಮೊದಲು ಯಾರಿಗೆ ಹೇಳಬೇಕು? ಇಂಜಿನಿಯರ್ ಲೈಸೆನ್ಸಿನ ನೀತಿ ಪರೀಕ್ಷೆಗೆ ಪ್ರಾಕ್ಟೀಸ್ ಪ್ರಶ್ನೆ ಸಾಕೇ?

ಕೆನಡಾದಲ್ಲಿ ಡಿಗ್ರಿ ಇದ್ದರೆ ಸಾಲದು. ಲೈಸೆನ್ಸ್ ಇರುವ ಇಂಜಿನಿಯರ್ ಆಗಿ, ನಕ್ಷೆಯ ಮೇಲೆ ನಿಮ್ಮ ಹೆಸರಿನ ಸೀಲ್ ಹಾಕಬೇಕಾದರೆ ಇನ್ನೂ ಒಂದು ಪರೀಕ್ಷೆ ಬರೆಯಬೇಕು. ಹೆಸರು ಎನ್‌ಪಿಪಿಇ, ಅಂದರೆ ನ್ಯಾಷನಲ್ ಪ್ರೊಫೆಷನಲ್ ಪ್ರಾಕ್ಟೀಸ್ ಎಕ್ಸಾಮಿನೇಷನ್. ಇದರಲ್ಲಿ ಲೆಕ್ಕ ಇಲ್ಲ, ಫಾರ್ಮುಲಾ ಇಲ್ಲ. ಇರುವುದೆಲ್ಲ ನೀತಿ ಮತ್ತು ಕಾನೂನು. 110 ಪ್ರಶ್ನೆ, ಎರಡೂವರೆ ಗಂಟೆ, ಪ್ರತಿ ಪ್ರಶ್ನೆಗೂ ಆಪ್ಷನ್‌ಗಳು, ಪುಸ್ತಕ ನೋಡುವಂತಿಲ್ಲ. ಕ್ವಿಬೆಕ್ ಪ್ರಾಂತ್ಯ ಮಾತ್ರ ತನ್ನದೇ ಬೇರೆ ಪರೀಕ್ಷೆ ಇಟ್ಟುಕೊಂಡಿದೆ.

ಇದಕ್ಕೆ ಓದುವುದು ಹೇಗೆ ಅನ್ನುವ ವಿಷಯದಲ್ಲಿ ಎರಡು ಪಂಗಡ ಇದೆ. ಪ್ರಾಕ್ಟೀಸ್ ಪ್ರಶ್ನೆ ಮಾಡಿ ಮೂರು ವಾರದಲ್ಲಿ ಮುಗಿಸಿ ಅನ್ನುವವರು ಒಂದು ಕಡೆ. ಕೇಸುಗಳನ್ನು ಕೂತು ಓದಿ ಅನ್ನುವವರು ಇನ್ನೊಂದು ಕಡೆ. ಒಂಟಾರಿಯೊ ಪ್ರಾಂತ್ಯದಲ್ಲಿ ಕೆಲಸ ಮಾಡುವ ಇಬ್ಬರು ಇಲ್ಲಿ ಬರೆದಿದ್ದಾರೆ. ಇಬ್ಬರೂ ಪಾಸಾದವರೇ.

ಪರ: ಮೂರು ವಾರ ಸಾಕು

ಮಗು ಮಲಗಿದ ಮೇಲೆ, ರಾತ್ರಿ ಒಂಬತ್ತೂವರೆಗೆ, ಊಟದ ಟೇಬಲ್ ಒರೆಸಿ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಹನ್ನೊಂದಕ್ಕೆ ಮುಚ್ಚುತ್ತಿದ್ದೆ. ಇಪ್ಪತ್ತೆರಡು ದಿನ ಹೀಗೆ ನಡೆಯಿತು. ಇಪ್ಪತ್ಮೂರನೇ ದಿನ ಪರೀಕ್ಷೆ ಬರೆದೆ, ಪಾಸಾದೆ.

ಅದಕ್ಕೂ ಮೊದಲು ಒಂದು ತಿಂಗಳು ಪುಸ್ತಕ ಹಿಡಿದಿದ್ದೆ. ಆ ತಿಂಗಳನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾನೂನಿನದೊಂದು, ನೀತಿಯದೊಂದು, ಎರಡೂ ದಪ್ಪ. ಹಳದಿ ಹೈಲೈಟರ್ ಹಿಡಿದು ಕೂತೆ. ಹತ್ತು ದಿನದಲ್ಲಿ ಪುಟವೆಲ್ಲ ಹಳದಿ. ಎಲ್ಲ ಸಾಲೂ ಹಳದಿಯಾದ ಮೇಲೆ ಯಾವುದು ಮುಖ್ಯ ಅಂತ ಹೇಗೆ ಗೊತ್ತಾಗಬೇಕು? ಪೇಟೆಂಟು, ಕಾಪಿರೈಟಿನ ಅಧ್ಯಾಯಕ್ಕೆ ಬರುವ ಹೊತ್ತಿಗೆ ಕರಾರಿನ ಅಧ್ಯಾಯ ಮರೆತುಹೋಗಿತ್ತು.

ಬೇಜಾರಾಗಿ ಒಂದು ಮಾಕ್ ಟೆಸ್ಟ್ ಬರೆದೆ. 110ಕ್ಕೆ 58 ಬಂತು. ನೂರಕ್ಕೆ 65 ಬೇಕು. ಮುಖಕ್ಕೆ ನೀರು ಎರಚಿದ ಹಾಗಾಯಿತು. ನನಗೆ ಗೊತ್ತೇ ಇಲ್ಲದ ಪ್ರಶ್ನೆಗಳು ತಪ್ಪಿದ್ದರೆ ಪರವಾಗಿರಲಿಲ್ಲ. ತಪ್ಪಿದ್ದವೆಲ್ಲ ಗೊತ್ತು ಅಂದುಕೊಂಡವು.

ಒಂದು ಪ್ರಶ್ನೆ ಇನ್ನೂ ನೆನಪಿದೆ. ಸೈಟಿನಲ್ಲಿ ಒಬ್ಬ ಕಿರಿಯ ಇಂಜಿನಿಯರ್. ತೊಲೆಯೊಳಗೆ ನಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಕಡಿಮೆ ಕಂಬಿ ಹಾಕಿರುವುದು ಅವನ ಕಣ್ಣಿಗೆ ಬೀಳುತ್ತದೆ. ಮೊದಲು ಯಾರಿಗೆ ಹೇಳಬೇಕು? ತನ್ನ ಮೇಲಿನವರಿಗೆ, ಕ್ಲೈಂಟಿಗೆ, ಲೈಸೆನ್ಸ್ ಕೊಡುವ ಸಂಸ್ಥೆಗೆ, ಪತ್ರಿಕೆಗೆ. ನಾನು ಮೂರನೆಯದನ್ನು ಒತ್ತಿದೆ. ಜನರ ಜೀವದ ಪ್ರಶ್ನೆ, ನೇರ ಮೇಲಕ್ಕೇ ಹೋಗಬೇಕು ಅಲ್ವಾ? ತಪ್ಪು. ಮೊದಲು ತನ್ನ ಮೇಲಿನವರಿಗೆ, ಅದೂ ಬರಹದಲ್ಲಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಅದರ ಮೇಲಿನವರಿಗೆ. ಅಲ್ಲೂ ಆಗದಿದ್ದರೆ ಹೊರಗೆ. ಸ್ವಲ್ಪ ಬದಲಿಸಿ ಅದೇ ಪ್ರಶ್ನೆ ಇನ್ನೆರಡು ಸಲ ಬಂತು. ಎರಡು ಸಲವೂ ಹೀರೋ ಆಗಲು ಹೋಗಿ ಬಿದ್ದೆ. ನಾಲ್ಕನೇ ಸಲ ತಪ್ಪಲಿಲ್ಲ. ಇನ್ನು ಜೀವಮಾನದಲ್ಲಿ ತಪ್ಪುವುದಿಲ್ಲ.

ಇದೇ ಮಾತು ಪುಸ್ತಕದಲ್ಲೂ ಇತ್ತು. ನಾನೇ ಹಳದಿ ಬಳಿದಿದ್ದೆ! ಓದುವಾಗ 'ಹೌದು ಹೌದು' ಅಂತ ತಲೆಯಾಡಿಸಿ ಮುಂದೆ ಹೋಗಿದ್ದೆ. ಓದಿದ್ದು ತಲೆಯಾಡಿಸುತ್ತದೆ, ತಪ್ಪಿದ್ದು ಮುಳ್ಳಿನ ಹಾಗೆ ಒಳಗೆ ಉಳಿಯುತ್ತದೆ. ಅದಕ್ಕೇ ನಾನು ತಪ್ಪಿದ ಪ್ರಶ್ನೆಗಳನ್ನು ಮಾತ್ರ ಬರೆದಿಟ್ಟುಕೊಂಡೆ. ಕೊನೆಗೆ ನಾಲ್ಕು ಪುಟ ಆಯಿತು. ನಿರ್ಲಕ್ಷ್ಯದ ದಾವೆ ಗೆಲ್ಲಲು ಮೂರು ಬೇಕು: ಎಚ್ಚರ ವಹಿಸುವ ಹೊಣೆ ಇರಬೇಕು, ಅದು ಮುರಿದಿರಬೇಕು, ಅದರಿಂದಲೇ ನಷ್ಟ ಆಗಿರಬೇಕು. ಒಂಟಾರಿಯೊದಲ್ಲಿ ದಾವೆ ಹೂಡಲು ನಷ್ಟ ಗೊತ್ತಾದ ದಿನದಿಂದ 2 ವರ್ಷ, ಏನೇ ಆದರೂ 15 ವರ್ಷ ಮೀರುವಂತಿಲ್ಲ. ಕಟ್ಟಡ ಕೆಲಸದ ಬಿಲ್ಲಿನಲ್ಲಿ 10 ಪ್ರತಿಶತ ಹಿಡಿದಿಡಬೇಕು. ಹೀಗೆ ನಾಲ್ಕು ಪುಟ.

ಕೇಸುಗಳನ್ನೂ ನಾನು ಕಲಿತದ್ದು ಪ್ರಶ್ನೆಗಳಿಂದಲೇ. ಬಸವನಹುಳು ಕೇಸು ಯಾರಿಗೆ ಮರೆಯುತ್ತದೆ? 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಡೊನಹ್ಯೂ ಅನ್ನುವ ಹೆಂಗಸಿಗೆ ಗೆಳತಿಯೊಬ್ಬಳು ಜಿಂಜರ್ ಬಿಯರ್ ಕೊಡಿಸುತ್ತಾಳೆ. ಬಾಟಲಿಯೊಳಗೆ ಕೊಳೆತ ಹುಳು ಇತ್ತು ಅನ್ನುವುದು ಆಕೆಯ ದೂರು. ಕುಡಿದವಳು ದುಡ್ಡು ಕೊಟ್ಟವಳಲ್ಲ, ಹಾಗಾಗಿ ಕರಾರಿಲ್ಲ. ಆದರೂ ತಯಾರಕನಿಗೆ ಹೊಣೆ ಇದೆ ಅಂತ 1932ರಲ್ಲಿ ತೀರ್ಪು ಬಂತು. ಕರಾರಿಲ್ಲದವರಿಗೂ ಇಂಜಿನಿಯರ್ ಹೊಣೆ ಹೊರುವುದು ಈ ಬೇರಿನಿಂದಲೇ. ಇಷ್ಟು ಗೊತ್ತಿದ್ದರೆ ಆಯಿತು. ತೀರ್ಪಿನ ಪುಟ ಪುಟ ಓದಿ ನಾನು ವಕೀಲನಾಗಬೇಕಿಲ್ಲ.

ಕೆಲವರಿಗೆ ಹಳೆ ಪರೀಕ್ಷೆಯ ಮೇಲೆ ಇನ್ನೂ ಮೋಹ. ಒಂಟಾರಿಯೊದಲ್ಲಿ ಮೊದಲು ಮೂರು ಗಂಟೆ ಕೂತು ಉತ್ತರ ಬರೆಯಬೇಕಿತ್ತು. ಅರ್ಧ ನೀತಿ, ಅರ್ಧ ಕಾನೂನು. 'ಆಗ ಜನ ನಿಜವಾಗಿ ಓದುತ್ತಿದ್ದರು' ಅನ್ನುತ್ತಾರೆ. ಆಗ ಬರೆದ ಹಿರಿಯರೊಬ್ಬರು ನನಗೆ ಅವರ ನೋಟ್ಸ್ ತೋರಿಸಿದರು. ಮೊದಲು ಕಾನೂನಿನ ತತ್ವ, ಆಮೇಲೆ ಕೇಸಿಗೆ ಅನ್ವಯ, ಕೊನೆಗೆ ತೀರ್ಮಾನ. ಎಲ್ಲ ಉತ್ತರಕ್ಕೂ ಒಂದೇ ಅಚ್ಚು. ಉರು ಹೊಡೆಯುವುದು ಆಗಲೂ ಇತ್ತು. ಅಕ್ಷರ ಮಾತ್ರ ಚೆನ್ನಾಗಿರಬೇಕಿತ್ತು, ಅಷ್ಟೇ.

ಇನ್ನು ಪರೀಕ್ಷೆಯ ಹೊತ್ತಿನ ಸಂಗತಿ. 110 ಪ್ರಶ್ನೆಗೆ 150 ನಿಮಿಷ ಅಂದರೆ ಒಂದಕ್ಕೆ 82 ಸೆಕೆಂಡ್ ಕೂಡ ಪೂರ್ತಿ ಸಿಗುವುದಿಲ್ಲ. 'ಮೊದಲು', 'ಅತ್ಯಂತ ಸೂಕ್ತ', 'ಹೊರತುಪಡಿಸಿ', ಇಂಥ ಒಂದು ಪದ ಕಣ್ತಪ್ಪಿದರೆ ಅಂಕ ಹೋಯಿತು. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಗಡಿಯಾರ ಇಟ್ಟುಕೊಂಡು ಕೂತರೇ ಬರುವುದು. ನನಗೆ ತುಟಿ ಅಲ್ಲಾಡಿಸಿ ಓದುವ ಅಭ್ಯಾಸ. ಮನೆಯಲ್ಲೇ ಕೂತು ಕ್ಯಾಮೆರಾ ಮುಂದೆ ಬರೆಯುವ ಪರೀಕ್ಷೆಯಲ್ಲಿ ಅದನ್ನು ಯಾರು ಏನು ಅಂದುಕೊಳ್ಳುತ್ತಾರೋ ಅಂತ ಭಯ. ಆ ಅಭ್ಯಾಸ ಬಿಡಿಸಿಕೊಳ್ಳಲು ಒಂದು ವಾರ ಬೇಕಾಯಿತು.

ಬೇರೆ ದೇಶದಲ್ಲಿ ಓದಿ ಇಲ್ಲಿಗೆ ಬಂದವರಿಗೆ ಪ್ರಶ್ನೆಗಳ ದಾರಿ ಇನ್ನೂ ಒಳ್ಳೆಯದು. ನಮ್ಮ ತೊಂದರೆ ಗೊತ್ತಿಲ್ಲದ್ದು ಅಲ್ಲ, ಬೇರೆ ಥರ ಗೊತ್ತಿರುವುದು. ಮೇಲಿನವರು ಹೇಳಿದ ಮೇಲೆ ಮುಗಿಯಿತು ಅಂತ ಬೆಳೆದವರು ನಾವು. ಅಂಥ ಜಾಗಗಳಲ್ಲೇ ಪ್ರಾಕ್ಟೀಸ್ ಪ್ರಶ್ನೆ ಕಾಲಿಗೆ ತೊಡರುತ್ತದೆ. ಎಲ್ಲಿ ಎಡವುತ್ತೇನೆ ಅಂತ ಪುಸ್ತಕಕ್ಕೆ ಹೇಗೆ ಗೊತ್ತಾಗಬೇಕು?

ನೀತಿಯನ್ನು ಹೀಗೆ ಅವಸರದಲ್ಲಿ ಕಲಿಯಬಹುದೇ ಅಂತ ಕೇಳುತ್ತಾರೆ. ನಿಧಾನವಾಗಿ ಓದಿದರೆ ಮಾತ್ರ ಬರುತ್ತದೆಯೇ? ಎಲಿಯಟ್ ಲೇಕ್ ನೋಡಿ. 2012ರ ಜೂನ್ 23ರಂದು ಆ ಊರಿನ ಮಾಲ್ ಮೇಲಿದ್ದ ಪಾರ್ಕಿಂಗ್ ಚಾವಣಿ ಕುಸಿದು ಇಬ್ಬರು ಹೆಂಗಸರು ಸತ್ತರು. ಎರಡು ತಿಂಗಳ ಮೊದಲು ಒಬ್ಬ ಇಂಜಿನಿಯರ್ ಬಂದು ನೋಡಿ ಕಟ್ಟಡ ಗಟ್ಟಿ ಇದೆ ಅಂದಿದ್ದ. ಮಾಲೀಕ ಹೇಳಿದ ಹಾಗೆ ವರದಿಯನ್ನು ಬದಲಿಸಿದ್ದೂ ವಿಚಾರಣೆಯಲ್ಲಿ ಹೊರಬಂತು. ಆ ಮನುಷ್ಯನಿಗೆ ನಿಯಮ ಗೊತ್ತಿರಲಿಲ್ಲವೇ? ಪುಸ್ತಕ ಓದಿರಲಿಲ್ಲವೇ? ಓದು ಅವನನ್ನು ತಡೆಯಲಿಲ್ಲ. ಲೈಸೆನ್ಸಿಗೆ ಒಂಟಾರಿಯೊದಲ್ಲಿ 48 ತಿಂಗಳ ಅನುಭವ ಕೇಳುತ್ತಾರೆ. ನಡತೆ ಏನಾದರೂ ಬರುವುದಿದ್ದರೆ ಅಲ್ಲಿ, ಒಳ್ಳೆಯವರ ಜೊತೆ ಕೆಲಸ ಮಾಡುತ್ತಾ ಬರುತ್ತದೆ. ಪರೀಕ್ಷೆ ಒಂದು ಬಾಗಿಲು. ಬಾಗಿಲಲ್ಲಿ ಮೂರು ತಿಂಗಳು ಕೂತು ತಪಸ್ಸು ಮಾಡಬೇಕಿಲ್ಲ.

ವಿರೋಧ: ಆಪ್ಷನ್‌ನಲ್ಲಿ ಇಲ್ಲದ ಉತ್ತರ

ಅವರದು ನಾಲ್ಕು ಪುಟ, ನನ್ನದು ಮೂರೇ. ನಾನೂ ಹಾಗೇ ಪಾಸಾದವಳು. ಅದಕ್ಕೇ ಬರೆಯುತ್ತಿದ್ದೇನೆ.

ಲೈಸೆನ್ಸ್ ಬಂದು ವರ್ಷವಾಗಿರಲಿಲ್ಲ. ಒಂದು ಶುಕ್ರವಾರ ಸಂಜೆ ನಾಲ್ಕು ಗಂಟೆ. ನನ್ನ ಮ್ಯಾನೇಜರ್ ಟೇಬಲ್ ಪಕ್ಕ ಬಂದು ನಿಂತರು. ಒಂದು ಗೋದಾಮಿನೊಳಗೆ ಅಟ್ಟದಂಥ ಉಕ್ಕಿನ ಮಹಡಿ ಹಾಕುವ ನಕ್ಷೆ. ಮಾಡಿದವರು ಆ ವಾರವೇ ಕೆಲಸ ಬಿಟ್ಟು ಹೋಗಿದ್ದರು. ಐದು ಗಂಟೆಯೊಳಗೆ ಪರ್ಮಿಟ್ಟಿಗೆ ಕಳಿಸಬೇಕು. "ನೀವು ಒಂದು ಸೀಲ್ ಹಾಕಿಬಿಡಿ. ಸೋಮವಾರ ನಿಧಾನವಾಗಿ ನೋಡಿ. ಏನಾದರೂ ಇದ್ದರೆ ತಿದ್ದಿ ಮತ್ತೆ ಕಳಿಸೋಣ" ಅಂದರು.

ನನಗೆ ನಿಯಮ ಗೊತ್ತಿತ್ತು. ತಾನು ಮಾಡದ, ತಾನು ಪರಿಶೀಲಿಸದ ನಕ್ಷೆಗೆ ಸೀಲ್ ಹಾಕುವುದು ಒಂಟಾರಿಯೊ ನಿಯಮದಲ್ಲಿ ವೃತ್ತಿಯ ದುರ್ನಡತೆ. ಪರೀಕ್ಷೆಯಲ್ಲಿ ಬಂದಿದ್ದರೆ ಹತ್ತು ಸೆಕೆಂಡಿನಲ್ಲಿ ಒತ್ತುತ್ತಿದ್ದೆ. ಆದರೆ ಪ್ರಾಕ್ಟೀಸ್ ಪ್ರಶ್ನೆಯ ಮ್ಯಾನೇಜರ್ ಯಾವಾಗಲೂ ದುಡ್ಡು ಉಳಿಸುವ ಖದೀಮ. ನನ್ನ ಮುಂದೆ ನಿಂತಿದ್ದವರು ಈ ದೇಶದಲ್ಲಿ ನನಗೆ ಮೊದಲ ಕೆಲಸ ಕೊಟ್ಟವರು. ದನಿ ಎತ್ತಿ ಮಾತಾಡಿದವರಲ್ಲ. ಸುಮ್ನೆ, ಒಂದು ಚಿಕ್ಕ ಸಹಾಯ ಕೇಳುವ ಹಾಗೆ ಕೇಳಿದರು.

ನಾನು ಏನು ಮಾಡಿದೆ ಗೊತ್ತಾ? "ತಲೆ ತುಂಬಾ ನೋಯುತ್ತಿದೆ, ಬೆಳಿಗ್ಗೆಯಿಂದ ಹುಷಾರಿಲ್ಲ" ಅಂದೆ. ಬ್ಯಾಗ್ ಎತ್ತಿಕೊಂಡು ಮನೆಗೆ ಹೋದೆ. ಸೋಮವಾರ ಬಂದು ನೋಡಿದರೆ ನಕ್ಷೆ ಹೋಗಿತ್ತು. ಬೇರೆಯವರ ಸೀಲ್ ಇತ್ತು. ಅವರು ನೋಡಿ ಹಾಕಿದರೋ ನೋಡದೆ ಹಾಕಿದರೋ ನಾನು ಕೇಳಲಿಲ್ಲ. ಆ ಮಹಡಿ ಇವತ್ತಿಗೂ ನಿಂತಿದೆ, ಏನೂ ಆಗಿಲ್ಲ. ನಾನು ನಿಯಮ ಮುರಿಯಲಿಲ್ಲ, ನಿಜ. ಆದರೆ 'ಹುಷಾರಿಲ್ಲ ಎಂದು ಮನೆಗೆ ಹೋಗುವುದು' ಅನ್ನುವ ಆಪ್ಷನ್ ನಾನು ಮಾಡಿದ ಸಾವಿರ ಪ್ರಶ್ನೆಗಳಲ್ಲಿ ಒಂದರಲ್ಲೂ ಇರಲಿಲ್ಲ. ಹೆಚ್ಚಿನ ಜನ ನಿಜವಾಗಿ ಆರಿಸಿಕೊಳ್ಳುವುದು ಅದನ್ನೇ ಅಂತ ಈಗ ನನಗೆ ಅನ್ನಿಸುತ್ತದೆ.

ಆಮೇಲೆ ನಾನು ಓದಲು ಕೂತೆ. ಪಾಸಾದ ಮೇಲೆ! ಮೊದಲು ಓದಿದ್ದು ಕ್ವಿಬೆಕ್ ಸೇತುವೆಯ ಕಥೆ. ನನ್ನ ಮೂರು ಪುಟದಲ್ಲಿ ಅದಕ್ಕೆ ಒಂದೇ ಸಾಲು ಇತ್ತು: '1907, 75 ಸಾವು, ಕಬ್ಬಿಣದ ಉಂಗುರ'. ಇಲ್ಲಿನ ಇಂಜಿನಿಯರ್‌ಗಳು ಬೆರಳಿಗೆ ಒಂದು ಕಬ್ಬಿಣದ ಉಂಗುರ ಹಾಕುತ್ತಾರೆ. ಆ ಸೇತುವೆಯ ಕಬ್ಬಿಣದಿಂದಲೇ ಮೊದಲ ಉಂಗುರಗಳನ್ನು ಮಾಡಿದರು ಅನ್ನುವ ಕಥೆಯನ್ನೂ ನಂಬಿದ್ದೆ. ಅದು ಬರೀ ಕಥೆ.

ನಿಜವಾಗಿ ನಡೆದದ್ದು ಇಷ್ಟು. ಸೇಂಟ್ ಲಾರೆನ್ಸ್ ನದಿಯ ಮೇಲೆ ಸೇತುವೆ ಏಳುತ್ತಿತ್ತು. ಕಟ್ಟುತ್ತಿದ್ದ ಕಂಪನಿ ಇದ್ದದ್ದು ಅಮೆರಿಕದ ಫೀನಿಕ್ಸ್‌ವಿಲ್‌ನಲ್ಲಿ. ಕೊನೆಯ ಮಾತು ಸಲಹೆಗಾರ ಇಂಜಿನಿಯರ್ ಥಿಯೊಡೋರ್ ಕೂಪರ್ ಅವರದು. ಅವರು ನ್ಯೂಯಾರ್ಕಿನಲ್ಲಿ. ವಯಸ್ಸಾಗಿತ್ತು, ಆರೋಗ್ಯ ಸರಿಯಿರಲಿಲ್ಲ, ಸೈಟಿಗೆ ಬರುತ್ತಿರಲಿಲ್ಲ. ಎರಡು ಕಂಬಗಳ ನಡುವಿನ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹೆಚ್ಚಿಸಿದ್ದರು. ಆದರೆ ಸೇತುವೆಯ ಸ್ವಂತ ತೂಕವನ್ನು ಅದಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಿರಲಿಲ್ಲ. ಆಗಸ್ಟಿನಲ್ಲಿ ಕೆಳಗಿನ ಉಕ್ಕಿನ ಭಾಗಗಳು ಬಾಗುತ್ತಿರುವುದು ಸೈಟಿನವರಿಗೆ ಕಂಡಿತು. ಅಳೆದರು. ಮತ್ತೆ ಅಳೆದಾಗ ಜಾಸ್ತಿ ಬಾಗಿತ್ತು.

ಈಗ ಆ ಪ್ರಶ್ನೆ ಕೇಳಿ ನೋಡಿ. ಮೊದಲು ಯಾರಿಗೆ ಹೇಳಬೇಕು? ಮೇಲಿನವರಿಗೆ. ಹಾಗೇ ಮಾಡಿದರು. ನಾರ್ಮನ್ ಮೆಕ್ಲೂರ್ ಅನ್ನುವ ಕಿರಿಯ ಇಂಜಿನಿಯರ್ ನ್ಯೂಯಾರ್ಕಿಗೆ ಹೊರಟರು. ಆಗಸ್ಟ್ 29ರ ಬೆಳಿಗ್ಗೆ ಕೂಪರ್ ಅವರ ಮುಂದೆ ವಿಷಯ ಇಟ್ಟರು. ಕೂಪರ್‌ಗೆ ಅರ್ಥವಾಯಿತು. ಸೇತುವೆಯ ಮೇಲೆ ಇನ್ನು ಭಾರ ಹಾಕಬೇಡಿ ಅಂತ ಟೆಲಿಗ್ರಾಂ ಕೊಟ್ಟರು. ಕೊಟ್ಟದ್ದು ಫೀನಿಕ್ಸ್‌ವಿಲ್‌ಗೆ, ಕ್ವಿಬೆಕ್‌ಗೆ ಅಲ್ಲ. ಫೀನಿಕ್ಸ್‌ವಿಲ್‌ನವರು ಕೂತು ಮಾತಾಡಿ, ನಾಳೆ ಬೆಳಿಗ್ಗೆ ನೋಡೋಣ ಅಂದರು. ಸೈಟಿನಲ್ಲಿ ಕೆಲಸ ನಡೆದೇ ಇತ್ತು. ಸಂಜೆ ಐದೂವರೆ ಸುಮಾರಿಗೆ, ದಿನದ ಕೆಲಸ ಮುಗಿಯುವ ಹೊತ್ತಿಗೆ, ಸೇತುವೆ ನದಿಗೆ ಬಿತ್ತು. ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಸತ್ತರು. ಅವರಲ್ಲಿ 33 ಮಂದಿ ಕಾನವಾಕೆ ಅನ್ನುವ ಊರಿನ ಮೊಹಾಕ್ ಮೂಲನಿವಾಸಿಗಳು.

ಮೊದಲು ಮೇಲಿನವರಿಗೆ, ಆಮೇಲೆ ಅವರ ಮೇಲಿನವರಿಗೆ ಅನ್ನುವ ಏಣಿಯ ಮೆಟ್ಟಿಲು ಒಂದೊಂದಾಗಿ ಸರಿಯಾಗಿಯೇ ಹತ್ತಿದ್ದರು. ಅವರ ನಾಲ್ಕು ಪುಟದ ಪ್ರಕಾರ ಮೆಕ್ಲೂರ್‌ಗೆ ಪೂರ್ತಿ ಅಂಕ. ಏಣಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಪಾಯ ಕಂಡರೆ ತಿದ್ದಬೇಕು ಇಲ್ಲವೇ ತಿಳಿಸಬೇಕು ಅನ್ನುತ್ತದೆ ನಿಯಮ. ಏಣಿ ಹತ್ತಲು ಸಮಯ ಇದೆಯೋ ಇಲ್ಲವೋ ಅಂತ ನೋಡುವುದು ಯಾರ ಕೆಲಸ? 'ಮೊದಲು' ಅನ್ನುವ ಪದಕ್ಕೆ ಒಂದು ಗಡಿಯಾರ ಅಂಟಿಕೊಂಡಿದೆ. ಆ ಗಡಿಯಾರ 82 ಸೆಕೆಂಡಿನ ಪ್ರಶ್ನೆಯಲ್ಲಿ ಕಾಣುವುದಿಲ್ಲ, ಆ ದಿನವನ್ನು ಗಂಟೆ ಗಂಟೆಯಾಗಿ ಓದಿದಾಗ ಕಾಣುತ್ತದೆ.

ಕಾನೂನಿನ ಕೇಸುಗಳೂ ಹೀಗೇ. 'ರಾನ್ ಇಂಜಿನಿಯರಿಂಗ್, 1981, ಕಾಂಟ್ರಾಕ್ಟ್ ಎ' ಅಂತ ನನ್ನ ಪುಟದಲ್ಲಿತ್ತು. ಪ್ರಶ್ನೆಗೆ ಅಷ್ಟು ಸಾಕು. ಕಥೆ ಹೀಗಿದೆ. ಒಬ್ಬ ಕಾಂಟ್ರಾಕ್ಟರ್ 27,48,000 ಡಾಲರಿಗೆ ಟೆಂಡರ್ ಹಾಕಿದ, ಜೊತೆಗೆ 1,50,000 ಡಾಲರ್ ಠೇವಣಿ. ಟೆಂಡರ್ ತೆರೆದು ಹೆಚ್ಚು ಹೊತ್ತಾಗಿರಲಿಲ್ಲ, ಲೆಕ್ಕದಲ್ಲಿ 7,50,058 ಡಾಲರ್ ಸೇರಿಸಲು ಮರೆತದ್ದು ಗೊತ್ತಾಯಿತು. ತಕ್ಷಣ ಟೆಲೆಕ್ಸ್ ಕಳಿಸಿದ. ಪ್ರಾಮಾಣಿಕವಾದ ತಪ್ಪು. ಮುಚ್ಚಿಡಲಿಲ್ಲ. ಆದರೂ ಸುಪ್ರೀಂ ಕೋರ್ಟಿನಲ್ಲಿ ಠೇವಣಿ ಕಳೆದುಕೊಂಡ. ಟೆಂಡರ್ ಹಾಕಿದ ಕ್ಷಣಕ್ಕೇ ಒಂದು ಕರಾರು ಹುಟ್ಟುತ್ತದೆ, ಅದು ಕಾಂಟ್ರಾಕ್ಟ್ ಎ. ಕೆಲಸದ ಕರಾರು ಆಮೇಲಿನದು, ಅದು ಬಿ. ಇಷ್ಟನ್ನು ಕಥೆಯಾಗಿ ಓದಿದ ಮೇಲೆ ನಾನು ಯಾವ ಅಂದಾಜು ಪಟ್ಟಿಯನ್ನೂ ಎರಡು ಸಲ ಕೂಡದೆ ಕಳಿಸಿಲ್ಲ. ಮೂರು ಪುಟ ಇಟ್ಟುಕೊಂಡಾಗ ಕಳಿಸುತ್ತಿದ್ದೆ.

ಹಾಗೇ 2 ಮತ್ತು 15 ವರ್ಷ. ಪ್ರಶ್ನೆಯಲ್ಲಿ ಅವು ಎರಡು ಅಂಕಿ. ಕೂತು ಯೋಚಿಸಿದರೆ, ಇವತ್ತು ನಾನು ಒತ್ತುವ ಸೀಲ್ ನಾನು ಕೆಲಸ ಬಿಟ್ಟು, ಊರು ಬಿಟ್ಟು, ಆ ಕಟ್ಟಡದ ಹೆಸರೇ ಮರೆತ ಮೇಲೂ ಬಾಗಿಲು ತಟ್ಟಬಹುದು.

ಎಲಿಯಟ್ ಲೇಕ್ ಬಗ್ಗೆ ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅದು ಅರ್ಧ ಕಥೆ ಮಾತ್ರ. ಒಬ್ಬ ಕೆಟ್ಟ ಮನುಷ್ಯನ ಕಥೆಯಾಗಿದ್ದರೆ ಅದನ್ನು ಓದಿ ಪ್ರಯೋಜನ ಇರಲಿಲ್ಲ. ಆ ಮಾಲ್ 1980ರಲ್ಲಿ ತೆರೆದಾಗಿನಿಂದ ಸೋರುತ್ತಿತ್ತು. ಕಾರುಗಳ ಜೊತೆ ಬಂದ ಉಪ್ಪುನೀರು ಮೂವತ್ತು ವರ್ಷ ಇಳಿದು ಉಕ್ಕಿನ ಬೆಸುಗೆಯನ್ನು ತಿಂದಿತು. ಆ ಮೂವತ್ತು ವರ್ಷದಲ್ಲಿ ಎಷ್ಟೋ ಇಂಜಿನಿಯರ್‌ಗಳು ಬಂದರು, ನೋಡಿದರು, ಸೋರಿಕೆಯ ಬಗ್ಗೆ ಬರೆದರು, ಹೋದರು. ಅಂಗಡಿಗಳಲ್ಲಿ ಬಕೆಟ್ ಇಟ್ಟಿದ್ದರು, ತೊಟ್ಟಿಕ್ಕುವ ನೀರಿಗೆ. ತುಕ್ಕು ಸೋಲಿಸಿದ್ದು ಉಕ್ಕನ್ನು, ಆದರೆ ನಿಜವಾಗಿ ಸೋತದ್ದು ಮನುಷ್ಯರು ಅನ್ನುವ ಅರ್ಥದ ಮಾತು 2014ರ ವಿಚಾರಣಾ ವರದಿಯಲ್ಲಿದೆ. ಅದನ್ನು ಓದುವಾಗ ನನಗೆ ವರದಿ ಬದಲಿಸಿದವನು ನೆನಪಾಗಲಿಲ್ಲ. ಬಂದು, ನೋಡಿ, ಹೋದವರು ನೆನಪಾದರು. ತಲೆನೋವು ಅಂತ ಹೇಳಿ ಬ್ಯಾಗ್ ಎತ್ತಿಕೊಂಡವಳೂ.

ಪ್ರಾಕ್ಟೀಸ್ ಪ್ರಶ್ನೆ ಬೇಡ ಅನ್ನುತ್ತಿಲ್ಲ. ಮಾಡದೆ ಹೋದರೆ ಫೇಲ್ ಆಗುತ್ತೀರಿ, ಆ ಮಾತು ನಿಜ. ದಪ್ಪ ಪುಸ್ತಕ ಮೊದಲ ಪುಟದಿಂದ ಕೊನೆಯವರೆಗೆ ಓದಿ ಅಂತಲೂ ಹೇಳುವುದಿಲ್ಲ. ಹಳದಿ ಹೈಲೈಟರ್ ವಿಷಯದಲ್ಲಿ ನನ್ನ ಅನುಭವವೂ ಅದೇ. ನಾನು ಕೇಳುವುದು ಆರೇಳು ಸಂಜೆ. ದುರ್ನಡತೆ ಯಾವುದು, ನೀತಿ ಸಂಹಿತೆ ಏನು ಅನ್ನುವ ನಿಯಮಗಳು ಕೆಲವೇ ಪುಟ. ಅದನ್ನು ಗೈಡಿನಲ್ಲಿ ಅಲ್ಲ, ಮೂಲದಲ್ಲೇ ಓದಿ. ಒಂದು ಸೇತುವೆ, ಒಂದು ಮಾಲ್, ಮೂರು ಕೇಸು. ಪ್ರತಿಯೊಂದರಲ್ಲೂ ಒಬ್ಬರನ್ನು ಹಿಡಿದುಕೊಂಡು, ಅವರ ಕುರ್ಚಿಯಲ್ಲಿ ನಾನಿದ್ದರೆ ಎಷ್ಟು ಗಂಟೆಗೆ ಯಾರಿಗೆ ಫೋನ್ ಮಾಡುತ್ತಿದ್ದೆ ಅಂತ ಬರೆಯಿರಿ. ಆಮೇಲೆ ಪ್ರಶ್ನೆಗಳಿಗೆ ಹೋಗಿ. ಅಂಕವೂ ಜಾಸ್ತಿಯೇ ಬರುತ್ತದೆ, ಬೇಕಾದರೆ ನೋಡಿ.

ಆಫೀಸಿನಲ್ಲಿ ಹೊಸಬರು ಪರೀಕ್ಷೆ ಹತ್ತಿರ ಬಂದಾಗ ನನ್ನ ಮೂರು ಪುಟ ಕೇಳುತ್ತಾರೆ. ಕೊಡುತ್ತೇನೆ. ಕೊಡುವ ಮೊದಲು ಒಂದು ಕೆಲಸ ಹೇಳುತ್ತೇನೆ. ಶುಕ್ರವಾರ ನಾಲ್ಕು ಗಂಟೆ, ನಾನೇ ನಿಮ್ಮ ಮ್ಯಾನೇಜರ್, ಸೀಲ್ ಹಾಕಿ ಅಂತ ಕೇಳುತ್ತಿದ್ದೇನೆ. ನಿಮ್ಮ ಮೊದಲ ವಾಕ್ಯ ಏನು? ಜೋರಾಗಿ ಹೇಳಿ. ಇಲ್ಲಿಯವರೆಗೆ ಹೆಚ್ಚಿನವರು ಶುರು ಮಾಡಿದ್ದು 'ಸಾರಿ' ಅಂತಲೇ.